ಬ್ರೇಸ್ಲೆಟ್ಟಿನ ಒಳಬದಿ

ಜೂನ್ 3

ಮೆಣಸಿನಕಾಳಿಗೆ,

ಅಲ್ಲ, ನಾಯಿಯ ಕೊರಳಿಗೂ ಜನ ಇದಕ್ಕಿಂತ ಅಂದವಾದ ಬಿಲ್ಲೆ ಕಟ್ಟುತ್ತಾರೆ. ನಿನ್ನೆ ಮಧ್ಯಾಹ್ನ ಕೊರಿಯರಿನವನು ನಿನ್ನ ಪೊಟ್ಟಣ ಕೊಟ್ಟು ಹೋದಾಗಿನಿಂದ ಮನಸ್ಸಿನಲ್ಲೇ ನಿನ್ನ ಜೊತೆ ಜಗಳವಾಡುತ್ತಿದ್ದೇನೆ. ಅರ್ಧ ಜಗಳ ಅಲ್ಲೇ ಆಗಿಹೋಯಿತು. ಉಳಿದರ್ಧವನ್ನು ಕಾಗದದ ಮೇಲೆ ಹಾಕುತ್ತಿದ್ದೇನೆ, ಓದಿಕೋ.

ನೀನು ಕಳಿಸಿದ ಬ್ರೇಸ್ಲೆಟ್ಟನ್ನು ಮೇಜಿನ ಮೇಲಿಟ್ಟು ಭೂತಗನ್ನಡಿಯಲ್ಲಿ ನೋಡಿದೆ. ಸ್ಟೀಲಿನ ಸರಪಳಿ, ನಡುವೆ ಸ್ಟೀಲಿನ ಪಟ್ಟಿ, ಪಟ್ಟಿಯ ಮೇಲೆ ಯಂತ್ರ ಕುಟ್ಟಿದ ಚುಕ್ಕಿ ಚುಕ್ಕಿ ಅಕ್ಷರ. ‘ಹೊಟ್ಟೆಯ ಬೈಪಾಸ್ ಆಗಿದೆ. ಮೂಗಿನಿಂದ ಟ್ಯೂಬ್ ಹಾಕಬೇಡಿ. ನೋವಿನ ಮಾತ್ರೆ ಕೊಡಬೇಡಿ.’ ಅದರ ಕೆಳಗೆ ನಿನ್ನ ಫೋನ್ ನಂಬರು. ಸಾಲು ಸೊಟ್ಟ. ಅಂತರ ಒಂದು ಕಡೆ ಹಿಗ್ಗಿದೆ, ಇನ್ನೊಂದು ಕಡೆ ಕುಗ್ಗಿದೆ. ಮೂವತ್ತೈದು ವರ್ಷದಿಂದ ಈ ಬೀದಿಯಲ್ಲಿ ಕೂತು ಬಾಗಿಲ ಫಲಕ, ಬಹುಮಾನದ ಕಪ್ಪು, ಮದುವೆಯ ಉಂಗುರ ಎಲ್ಲದರ ಮೇಲೂ ಹೆಸರು ಕೆತ್ತಿದವನು ನಾನು. ನನಗೆ ಯಂತ್ರದ ಅಕ್ಷರ ಕಳಿಸುತ್ತೀಯ! ಅಡುಗೆಯವನ ಮನೆಗೆ ಹೋಟೆಲಿನ ಕ್ಯಾರಿಯರ್ ಕಳಿಸಿದ ಹಾಗಾಯಿತು. ವಿತ್ ಡ್ಯೂ ರೆಸ್ಪೆಕ್ಟ್ ಹೇಳುತ್ತೇನೆ. ಯಾರನ್ನಾದರೂ ಬೈಯುವ ಮುಂಚೆ ಹಾಗೆ ಶುರುಮಾಡಬೇಕು ಅಂತ ಕಾಲೇಜಿನಲ್ಲಿ ನಮ್ಮ ಇಂಗ್ಲಿಷ್ ಲೆಕ್ಚರರು ಕಲಿಸಿದ್ದರು. ಆಮೇಲೆ ಬರಬೇಕಾದ ವಾಕ್ಯ ಮರೆತುಹೋಗಿದೆ. ಕನ್ನಡದಲ್ಲೇ ಮುಗಿಸುತ್ತೇನೆ: ನಿನಗೆ ಬುದ್ಧಿ ಇಲ್ಲ.

ಅಷ್ಟಕ್ಕೂ ಅದರ ಮೇಲೆ ನಿನ್ನ ನಂಬರು ಯಾಕೆ? ನಿನ್ನ ಅಕ್ಕ ಹೋದ ದಿನ ಮನೆ ತುಂಬ ಜನರ ಎದುರು, ‘ಅಕ್ಕನ್ನ ಇನ್ನೂ ಮನೆಯಿಂದ ಹೊರಗೆ ತಗೊಂಡ್ ಹೋಗಿಲ್ಲ, ಆಗ್ಲೇ ಎರಡನೇ ಸಲ ತಟ್ಟೆ ಹಿಡ್ಕೊಂಡಿದ್ದೀರಲ್ಲ ಭಾವ’ ಅಂತ ಕೂಗಿದವಳು ನೀನು. ‘ಇನ್ಮೇಲೆ ನಿಮ್ಮ ಧ್ವನಿ ನನ್ನ ಕಿವಿಗೆ ಬೀಳಬಾರದು, ಹೇಳೋದಿದ್ರೆ ಬರೀರಿ’ ಅಂದವಳೂ ನೀನೇ. ಎರಡು ವರ್ಷದಿಂದ ಬರೆಯುತ್ತಿದ್ದೇನೆ. ನನ್ನ ಫೋನೇ ಎತ್ತದವಳು, ನಾನು ಎಲ್ಲೋ ಬಿದ್ದಾಗ ಯಾರೋ ಫೋನ್ ಮಾಡಿದರೆ ಎತ್ತುತ್ತಾಳಂತೆ!

ಎದುರಿನ ಅಂಗಡಿಯ ಟೈಲರಮ್ಮ ಬಂದು ಅದನ್ನು ಎತ್ತಿ ಹಿಡಿದು ಪೂರ್ತಿ ಓದಿದಳು. ಡಿಸೆಂಬರಿನಲ್ಲಿ ಮೈ ಇಳಿಸುವ ಆಪರೇಷನ್ ಆದಮೇಲೆ ನನ್ನ ಪ್ಯಾಂಟುಗಳನ್ನು ನಾಲ್ಕು ಸಲ ಚಿಕ್ಕದು ಮಾಡಿಕೊಟ್ಟವಳು ಅವಳು. ಈಗ ಅವುಗಳ ಎರಡು ಹಿಂಜೇಬು ಒಂದಕ್ಕೊಂದು ಮುತ್ತಿಡುವಷ್ಟು ಹತ್ತಿರ ಬಂದಿವೆ. ‘ಏನ್ ಸಾರ್ ಇದು, ಓನರ್ ನಂಬರಾ? ಹುಡುಕಿ ತಂದ್ಕೊಟ್ಟೋರಿಗೆ ಬಹುಮಾನ ಏನಿಟ್ಟಿದ್ದಾರೆ?’ ಅಂತ ಕೇಳಿ ನಕ್ಕಳು. ನನಗೂ ನಗು ಬಂತು, ಅದೇ ಸಿಟ್ಟು.

ಇದನ್ನು ನಾನು ಹಾಕಿಕೊಳ್ಳುವುದಿಲ್ಲ.

ನಿನ್ನ ಭಾವ


ಜೂನ್ 11

ಭಾವನಿಗೆ,

ಅಕ್ಷರ ಸೊಟ್ಟವಾಗಿದ್ದರೆ ಇರಲಿ. ಅದು ನೀವು ಓದಿ ಆನಂದಪಡಲು ಕಳಿಸಿದ್ದಲ್ಲ. ನೀವು ಪ್ರಜ್ಞೆ ಇಲ್ಲದೆ ಬಿದ್ದಿರುವಾಗ ಬೇರೆಯವರು ಓದಲು ಕಳಿಸಿದ್ದು.

ಹೋದ ವರ್ಷ ನಮ್ಮ ಆಸ್ಪತ್ರೆಗೆ ಒಬ್ಬ ಲಾರಿ ಡ್ರೈವರನ್ನು ತಂದರು. ದಾರಿಯಲ್ಲಿ ಬಿದ್ದಿದ್ದ. ಹೊಟ್ಟೆ ಉಬ್ಬಿತ್ತು, ಮಾತಿರಲಿಲ್ಲ. ಎಲ್ಲರಿಗೂ ಹಾಕುವ ಹಾಗೆ ಅವನಿಗೂ ಮೂಗಿನಿಂದ ಟ್ಯೂಬ್ ಇಳಿಸಿದರು. ಅವನಿಗೂ ನಿಮ್ಮ ಹಾಗೆಯೇ ಆಪರೇಷನ್ ಆಗಿದೆ, ಹೊಟ್ಟೆಯನ್ನು ಮೊಟ್ಟೆಯಷ್ಟು ಉಳಿಸಿ ಕರುಳಿಗೆ ಜೋಡಿಸಿದ್ದಾರೆ ಎಂದು ಯಾರಿಗೂ ಗೊತ್ತಿರಲಿಲ್ಲ. ಕಣ್ಣಿಗೆ ಕಾಣದೆ ಇಳಿದ ಟ್ಯೂಬು ಆ ಜೋಡಣೆಯನ್ನೇ ತೂತು ಮಾಡಿತು. ಆಮೇಲೆ ಥಿಯೇಟರಿಗೆ ತಂದರು. ಪಕ್ಕದಲ್ಲಿ ಟ್ರೇ ಹಿಡಿದು ನಿಂತಿದ್ದವಳು ನಾನು. ಅವನು ಉಳಿಯಲಿಲ್ಲ. ಮಾರನೇ ದಿನ ಅವನ ಹೆಂಡತಿ ಬಂದು, ‘ನಾನ್ ಜೊತೇಲಿದ್ದಿದ್ರೆ ಹೇಳ್ತಿದ್ನಲ್ಲ ಸಿಸ್ಟರ್’ ಎಂದಳು.

ನಿಮಗೆ ಹೇಳಲು ಹೆಂಡತಿಯೂ ಇಲ್ಲ. ಅದಕ್ಕೇ ಸ್ಟೀಲು.

ಇನ್ನು ನೀವು ಎತ್ತಿದ ಹಳೇ ಮಾತು. ಹೌದು, ಕೂಗಿದೆ. ಇನ್ನೊಂದು ಸಲ ಅಂಥ ದಿನ ಬಂದರೆ ಇನ್ನೂ ಜೋರಾಗಿ ಕೂಗುತ್ತೇನೆ. ಅಕ್ಕ ಹತ್ತು ವರ್ಷ ನಿಮ್ಮನ್ನು ಬೇಡಿಕೊಂಡಳು. ‘ಇದೊಂದು ಆಪರೇಷನ್ ಮಾಡಿಸ್ಕೊಳ್ಳಿ, ನಾನು ಹೋದ್ಮೇಲೂ ನೀವಿರ್ಬೇಕು’ ಅನ್ನುತ್ತಿದ್ದಳು. ನಾನು ಡಾಕ್ಟರ ಹತ್ತಿರ ದಿನ ಗೊತ್ತುಮಾಡಿದಾಗ ನೀವು ಅಂಗಡಿ ಬಾಗಿಲು ಹಾಕಿಕೊಂಡು ಕೂತಿರಿ. ಅವಳಿಗೇ ರಕ್ತದ ಕಾಯಿಲೆ ಬಂದು ಅವಳು ಮೊದಲು ಹೋದಳು. ಅವಳಿಗಾಗಿ ಆಗದ್ದು ಅವಳು ಹೋದಮೇಲೆ ಆಯಿತು. ಯಾರಿಗಾಗಿ ಭಾವ? ಟೈಲರಮ್ಮ ನಾಲ್ಕು ಸಲ ಸೊಂಟದ ಅಳತೆ ತೆಗೆದುಕೊಂಡಳೆಂದು ನೀವೇ ಬರೆದಿದ್ದೀರಿ. ಕೇಳಬೇಕೆನಿಸಿತು, ಕೇಳಿದೆ.

ಬ್ರೇಸ್ಲೆಟ್ ಹಾಕಿಕೊಳ್ಳಿ.

ನಿಮ್ಮ ನಾದಿನಿ


ಜೂನ್ 20

ಮೆಣಸಿನಕಾಳಿಗೆ,

ಟೈಲರಮ್ಮನ ವಿಷಯಕ್ಕೆ ನಾನು ಉತ್ತರ ಕೊಡುವುದಿಲ್ಲ. ಕೇಳಬಾರದ್ದನ್ನು ಕೇಳಿದವರಿಗೆ ಉತ್ತರ ಕೊಟ್ಟರೆ ಮುಂದಿನ ಸಲ ಅವರು ಇನ್ನೂ ಒಂದು ಹೆಜ್ಜೆ ಒಳಗೆ ಬರುತ್ತಾರೆ. ಐ ಬೆಗ್ ಟು ಡಿಫರ್, ಅಷ್ಟೇ.

ಯಾರಿಗಾಗಿ ಅಂತ ಕೇಳಿದೆಯಲ್ಲ, ಅದಕ್ಕೆ ಹೇಳುತ್ತೇನೆ. ಬೂಟಿನ ಲೇಸಿಗಾಗಿ. ನಗಬೇಡ. ನಿನ್ನ ಅಕ್ಕ ಇದ್ದಾಗ ಬೆಳಿಗ್ಗೆ ನನ್ನ ಬೂಟಿನ ಲೇಸು ಕಟ್ಟುತ್ತಿದ್ದವಳು ಅವಳು. ಕಾಲುಗುರು ತೆಗೆಯುತ್ತಿದ್ದವಳು ಅವಳು. ತಗ್ಗು ಕುರ್ಚಿಯಲ್ಲಿ ಕೂತರೆ ಎರಡು ಕೈ ಹಿಡಿದು, ‘ಏಳಿ ಮಹಾರಾಜ್ರೇ’ ಅಂತ ಎಬ್ಬಿಸುತ್ತಿದ್ದವಳೂ ಅವಳೇ. ಅವಳು ಹೋದಮೇಲೆ ನನ್ನ ಪಾದ ನನಗೆ ಬೇರೆ ಊರಾಯಿತು. ಕನ್ನಡಿ ನೆಲದ ಮೇಲಿಟ್ಟು ನೋಡಬೇಕು, ಇದೆಯೋ ಇಲ್ಲವೋ ಅಂತ. ಒಂದು ದಿನ ಸ್ನಾನದ ಮನೆಯಲ್ಲಿ ಕೂತವನು ಏಳಲಾರದೆ ಮಧ್ಯಾಹ್ನದವರೆಗೆ ಕೂತೆ. ನಲ್ಲಿ ತೊಟ್ಟಿಕ್ಕುತ್ತಿತ್ತು, ಅದರ ಜೊತೆ ಮಾತಾಡಿದೆ. ಮಾರನೇ ದಿನ ಡಾಕ್ಟರ ಹತ್ತಿರ ಹೋದೆ. ಇದರಲ್ಲಿ ಯಾವ ಹೆಂಗಸೂ ಇಲ್ಲ. ಇದ್ದ ಹೆಂಗಸು ಇಲ್ಲದ್ದಕ್ಕೇ ಹೋದದ್ದು.

ಈಗ ಬಗ್ಗಿ ಲೇಸು ನಾನೇ ಕಟ್ಟುತ್ತೇನೆ. ಒಂದು ಮೊಟ್ಟೆ ತಿನ್ನಲು ಪೇಪರಿನ ಎರಡು ಪುಟ ಓದುವಷ್ಟು ಹೊತ್ತು ಬೇಕು. ಸಿಹಿ ಮುಟ್ಟಿದರೆ ಎದೆ ಡವಗುಟ್ಟಿ ಬೆವರಿ ಮಲಗಬೇಕು. ಕಬ್ಬಿಣದ ಮಾತ್ರೆ, ಸುಣ್ಣದ ಮಾತ್ರೆ, ಇನ್ನೂ ಏನೇನೋ, ಎಕ್ಸೆಟ್ರಾ ಎಕ್ಸೆಟ್ರಾ. ಬದುಕಿದ್ದೇನೆ.

ಇನ್ನು ನಿನ್ನ ಬ್ರೇಸ್ಲೆಟ್ಟು. ಲಾರಿ ಡ್ರೈವರನ ಕಥೆ ಓದಿ ಆ ದಿನ ಕೆಲಸಕ್ಕೆ ಕೈ ಹೋಗಲಿಲ್ಲ, ಸುಳ್ಳು ಹೇಳುವುದಿಲ್ಲ. ಅದಕ್ಕೆ ಹಾಕಿಕೊಳ್ಳುವುದು ಅಂತ ತೀರ್ಮಾನಿಸಿದೆ. ಆದರೆ ನನ್ನ ಲೆಕ್ಕದಲ್ಲಿ. ನಿನ್ನ ಸ್ಟೀಲು ಪಟ್ಟಿ ಬಿಚ್ಚಿ ಗುಜರಿ ಡಬ್ಬಕ್ಕೆ ಹಾಕಿದೆ. ಬೆಳ್ಳಿಯ ಪಟ್ಟಿ ಬಡಿದು ಮಾಡಿದೆ. ಹೊರಮೈ ಮೇಲೆ ಒಂದು ಬಳ್ಳಿ ಹರಿಸಿದ್ದೇನೆ, ಹನ್ನೆರಡು ಎಲೆ, ಒಂದೊಂದು ಎಲೆಯ ನರವೂ ಕಾಣುತ್ತದೆ. ನೀನು ಬರೆಸಿದ ಮಾತನ್ನೆಲ್ಲ ಒಳಮೈ ಮೇಲೆ ಕೆತ್ತಿದ್ದೇನೆ, ಮೈಗೆ ತಾಗುವ ಬದಿಯಲ್ಲಿ. ನಮ್ಮ ಕೆಲಸದಲ್ಲಿ ಅದೇ ಕ್ರಮ. ಬಾಗಿಲ ಫಲಕ ಬೀದಿಗೆ, ಬಹುಮಾನದ ಕಪ್ಪು ಊರಿಗೆ, ಮೈಮೇಲೆ ಹಾಕುವ ಒಡವೆಯ ಮಾತು ಮೈಗೆ. ಉಂಗುರದ ಹೊರಗೆ ಹೆಸರು ಹಾಕು ಅಂದ ಗಿರಾಕಿಯನ್ನು ನನ್ನ ಗುರುಗಳು ಅಂಗಡಿಯಿಂದ ಎಬ್ಬಿಸಿ ಕಳಿಸುತ್ತಿದ್ದರು.

ಟೈಲರಮ್ಮ ನೋಡಿ, ‘ಮದುವೆ ಗಂಡಿನ ಕೈ ಆಯ್ತು ಸಾರ್’ ಅಂದಳು. ಇದನ್ನು ನೀನು ಎರಡು ಸಲ ಓದುತ್ತೀಯ ಅಂತ ಗೊತ್ತಿದ್ದೇ ಬರೆದಿದ್ದೇನೆ.

ನಂಬರನ್ನೂ ಬದಲಾಯಿಸಿದ್ದೇನೆ. ನಿನ್ನದು ಬೇಡ. ಯಾರದ್ದು ಹಾಕಿದ್ದೇನೆ, ಗೆಸ್ ಮಾಡು.

ನಿನ್ನ ಭಾವ


ಜೂನ್ 29

ಭಾವನಿಗೆ,

ಗೆಸ್ ಮಾಡುವ ಅಗತ್ಯವಿಲ್ಲ. ಗೊತ್ತಾಯಿತು.

ಅಕ್ಕ ನಿಮಗೆ ಬೂಟಿನ ಲೇಸು ಕಟ್ಟುವವಳಾಗಿದ್ದಳು ಎಂದು ಇಷ್ಟು ಸ್ಪಷ್ಟವಾಗಿ ಬರೆದುಕೊಟ್ಟದ್ದಕ್ಕೆ ಸಂತೋಷ. ನನಗೆ ಮೊದಲಿನಿಂದಲೂ ಅನುಮಾನವಿತ್ತು. ಕೈ ಹಿಡಿದು ಎಬ್ಬಿಸುವವಳು ಹೋದಳು, ಅನಾನುಕೂಲವಾಯಿತು, ಡಾಕ್ಟರ ಹತ್ತಿರ ಹೋದಿರಿ. ಕುರ್ಚಿಯ ಕಾಲು ಮುರಿದರೂ ಮನುಷ್ಯ ಅಷ್ಟೇ ಬೇಗ ಬಡಗಿಯ ಹತ್ತಿರ ಹೋಗುತ್ತಾನೆ.

ಆದರೆ ಈ ಪತ್ರ ಅದಕ್ಕಲ್ಲ. ಒಳಗೆ ಕೆತ್ತಿದ್ದೀರಾ? ಒಳಗೆ? ಕ್ಯಾಶುವಾಲ್ಟಿಯಲ್ಲಿ ಒಬ್ಬ ಮನುಷ್ಯನನ್ನು ಸ್ಟ್ರೆಚರಿನಿಂದ ಇಳಿಸಿದರೆ ನಾವು ಮೊದಲು ಮಾಡುವ ಕೆಲಸ ಒಡವೆ ಬಿಚ್ಚಿ ಕವರಿಗೆ ಹಾಕುವುದು. ಬಳ್ಳಿ, ಎಲೆ, ಎಲೆಯ ನರ ಇರುವುದನ್ನು ಯಾರೂ ತಿರುಗಿಸಿ ನೋಡುವುದಿಲ್ಲ. ಕವರಿನ ಬಾಯಿ ಕಟ್ಟಿ ಜೊತೆಗೆ ಬಂದವರ ಕೈಗೆ ಕೊಡುತ್ತೇವೆ, ಯಾರೂ ಇಲ್ಲದಿದ್ದರೆ ಬೀರುವಿಗೆ ಹಾಕುತ್ತೇವೆ. ಬೆಂಕಿ ಬಿದ್ದಿದೆ ಎಂದು ಚೀಟಿಯಲ್ಲಿ ಬರೆದು ಜೇಬಿಗೆ ಹಾಕಿಕೊಂಡು ಸುಮ್ಮನೆ ಕೂತವರು ನೀವೊಬ್ಬರೇ.

ಅದು ಒಡವೆ ಅಲ್ಲ. ನೂರು ಸಲ ಹೇಳುತ್ತೇನೆ, ಒಡವೆ ಅಲ್ಲ.

ಇನ್ನು ಮೇಲೆ ನಾನು ಬರೆಯುವುದಿಲ್ಲ. ನಂಬರು ಯಾರದ್ದಿದೆಯೋ ಅವರೇ ನೋಡಿಕೊಳ್ಳಲಿ.


ಜುಲೈ 17

ಮೆಣಸಿನಕಾಳಿಗೆ,

ನೀನು ಬರೆಯದಿದ್ದರೆ ನನಗೇನು, ನಾನು ಬರೆಯುತ್ತೇನೆ. ಅಂಚೆಯವನಿಗೂ ಕೆಲಸ ಬೇಕಲ್ಲ.

ಒಡವೆ ಅಲ್ಲ ಅಂದೆಯಲ್ಲ, ಕೇಳು. ಹದಿನೈದು ದಿನದ ಹಿಂದೆ ಬಲಗಾಲಿನ ಮಂಡಿ ಹಿಡಿದುಕೊಂಡಿತು. ಇಷ್ಟು ವರ್ಷ ಎರಡು ಮನುಷ್ಯರ ಭಾರ ಹೊತ್ತಾಗ ಸುಮ್ಮನಿದ್ದ ಮಂಡಿ, ಈಗ ಒಬ್ಬನಾದಮೇಲೆ ಮುಷ್ಕರ ಹೂಡಿದೆ. ಮೂಲೆಯ ಔಷಧಿ ಅಂಗಡಿಗೆ ಹೋದೆ. ಅವನು, ‘ಹೊಟ್ಟೆಗೆ ಸಂಬಂಧಪಟ್ಟ ತೊಂದ್ರೆ ಏನಾದ್ರೂ ಇದ್ಯಾ ಸಾರ್?’ ಅಂದ. ನಿನ್ನ ಮಾತಿಗೆ ಬೆಲೆ ಕೊಟ್ಟು, ಬಾಯಲ್ಲಿ ಹೇಳುವ ಬದಲು ಕೈ ಮುಂದೆ ಚಾಚಿದೆ. ನೋಡಿಕೋ ಅಂತ. ಅವನು ನನ್ನ ಕೈ ಹಿಡಿದು ಬ್ರೇಸ್ಲೆಟ್ಟನ್ನು ಬೆಳಕಿಗೆ ತಿರುಗಿಸಿ, ‘ಆಹಾ, ಯಾರ್ ಸಾರ್ ಕೆತ್ತಿದ್ದು? ಎಲೆ ಒಳ್ಳೇ ಜೀವ ಬಂದ್ಹಾಗಿದೆ’ ಅಂದ. ಅವನ ಮಗಳ ಮದುವೆಗೆ ಅಂಥದೇ ಬೇಕಂತೆ, ಆರ್ಡರ್ ಕೊಟ್ಟಿದ್ದಾನೆ. ಆ ಖುಷಿಯಲ್ಲಿ ಮಂಡಿ ನೋವು ಅರ್ಧ ಅಲ್ಲೇ ಹೋಯಿತು, ಉಳಿದರ್ಧ ಮಾತ್ರೆಗೆ ಹೋಯಿತು. ಬೇಡ ಅಂತ ಕೆತ್ತಿದವನು ನಾನೇ ಆದರೂ, ಓದಬೇಕಾದವನೇ ಕೊಟ್ಟನಲ್ಲ ಅಂತ ಈಗ ದಿನಕ್ಕೆರಡು ನುಂಗಿ ಕುದುರೆಯ ಹಾಗೆ ಓಡಾಡುತ್ತಿದ್ದೇನೆ.

ಪೊಯೆಟಿಕ್ ಜಸ್ಟಿಸ್ ಅನ್ನುತ್ತಿದ್ದರು ನಮ್ಮ ಲೆಕ್ಚರರು. ಅಥವಾ ಪೊಯೆಟಿಕ್ ಲೈಸೆನ್ಸೋ. ಎರಡರಲ್ಲಿ ಒಂದು.

ನಿನ್ನ ಭಾವ


ಜುಲೈ 23

ಯಾವ ಮಾತ್ರೆ? ಹೆಸರು ಬರೆಯಿರಿ. ಇವತ್ತೇ ನಿಲ್ಲಿಸಿ. ನೋವಿನ ಮಾತ್ರೆ ಆ ಜೋಡಣೆಯಲ್ಲಿ ಹುಣ್ಣು ಮಾಡಿ ರಕ್ತ ಸುರಿಸುತ್ತದೆ. ಹೊಟ್ಟೆಗೆ ಹೋದದ್ದು ಯಾವ ಬಣ್ಣದಲ್ಲಿ ಹೊರಗೆ ಬರುತ್ತಿದೆ ನೋಡಿ ಬರೆಯಿರಿ. ನಾಚಿಕೆ ಬೇಡ, ನಾನು ನರ್ಸು.


ಜುಲೈ 29

ಯಾವ ಮಾತ್ರೆ ಎಂದು ಕೇಳಿದ್ದೆ. ಉತ್ತರವಿಲ್ಲ. ಹಟ ಸಾಧಿಸಲು ಇದು ಸಮಯವಲ್ಲ ಭಾವ. ಕಪ್ಪಗಿದ್ದರೆ ಅದು ರಕ್ತ, ಇದನ್ನು ಓದುವುದನ್ನೂ ನಿಲ್ಲಿಸಿ ಆಸ್ಪತ್ರೆಗೆ ಹೋಗಿ.


ಆಗಸ್ಟ್ 3

ಭಾವ,

ಇದು ಕೊನೆಯ ಪತ್ರ. ಹಿಂದಿನ ಸಲವೂ ಹಾಗೇ ಬರೆದಿದ್ದೆ. ಆಗ ಸಿಟ್ಟಿತ್ತು. ಈಗ ಅದೂ ಇಲ್ಲ, ಅಸಹ್ಯ ಇದೆ.

ಎರಡು ಕಾರ್ಡಿಗೆ ಉತ್ತರ ಬರದಿದ್ದಾಗ ನಾನು ಆಡಿದ ಮಾತು ನಾನೇ ಮುರಿದು ನಿನ್ನೆ ನಿಮಗೆ ಫೋನ್ ಮಾಡಿದೆ. ಸ್ವಿಚ್ ಆಫ್. ಡ್ಯೂಟಿ ನಡುವೆ ಹೊರಗೆ ಬಂದು ಬಂದು ಮಾಡಿದೆ. ಸ್ವಿಚ್ ಆಫ್. ಕೊನೆಗೆ ಅಕ್ಕನ ನಂಬರಿಗೆ ಮಾಡಿದೆ.

ಒಬ್ಬ ಹೆಂಗಸು ಎತ್ತಿದಳು. ಅಕ್ಕನ ಫೋನನ್ನು. ‘ಹಲೋ, ಹೇಳಿ, ಮನೇಲಿ ನಾನೇ ಇರೋದು’ ಎಂದಳು. ಎಷ್ಟು ಸಲೀಸಾಗಿ ಹೇಳಿದಳು! ಹಿಂದೆ ನಿಮ್ಮ ಅಡುಗೆಮನೆಯ ನಲ್ಲಿ ತೊಟ್ಟಿಕ್ಕುವುದು ಕೇಳಿಸಿತು. ನಾನು ಕಟ್ ಮಾಡಿದೆ.

ಮದುವೆಯಾಗುವುದಿದ್ದರೆ ಆಗಿ. ಅರವತ್ತಕ್ಕೆ ಸೊಂಟ ಬಂದಿದೆ, ಅನುಭವಿಸಿ. ಅಕ್ಕನ ಸೀರೆ ಕೊಡಿ, ಪಾತ್ರೆ ಕೊಡಿ, ಅಕ್ಕ ಮಲಗುತ್ತಿದ್ದ ಕಡೆ ಮಲಗಿಸಿ. ಆದರೆ ಆ ಫೋನು? ಅದರೊಳಗೆ ಅವಳ ಮೆಸೇಜುಗಳಿವೆ. ನನಗೆ ಕಳಿಸಿದ್ದು, ನಿಮಗೆ ಕಳಿಸಿದ್ದು, ಕೊನೆಯ ವಾರ ಬೆರಳು ನಡುಗುತ್ತಾ ಅರ್ಧಕ್ಕೆ ಬಿಟ್ಟದ್ದು. ಅದನ್ನು ಹಿಡಿದುಕೊಂಡು ಇನ್ನೊಬ್ಬಳು ‘ಹಲೋ’ ಅನ್ನುವುದನ್ನು ನನ್ನ ಕಿವಿಯಲ್ಲಿ ಕೇಳಿದೆ.

ಬ್ರೇಸ್ಲೆಟ್ಟಿನ ಮೇಲಿರುವ ನಂಬರು ನಿಮ್ಮನ್ನು ಚೆನ್ನಾಗಿ ನೋಡಿಕೊಳ್ಳಲಿ. ನಿಮಗೇನಾದರೂ ಆದರೆ ನನಗೆ ತಿಳಿಸಬೇಡಿ.


ಆಗಸ್ಟ್ 14

ಮೆಣಸಿನಕಾಳಿಗೆ,

ತಿಳಿಸಬೇಡಿ ಅಂದೆ. ತಿಳಿಸುತ್ತಿದ್ದೇನೆ. ನಿನ್ನೆ ಆಸ್ಪತ್ರೆಯಿಂದ ಮನೆಗೆ ಬಂದೆ. ದಿಂಬಿಗೆ ಒರಗಿ ಬರೆಯುತ್ತಿರುವುದು, ಅಕ್ಷರ ಸೊಟ್ಟ ಇದ್ದರೆ ನಿನ್ನ ಯಂತ್ರವನ್ನು ನೆನೆಸಿಕೊಂಡು ಕ್ಷಮಿಸು.

ಕಪ್ಪಗಿತ್ತು. ಒಂದು ವಾರದಿಂದ ಕಪ್ಪಗಿತ್ತು. ಕಬ್ಬಿಣದ ಮಾತ್ರೆ ತಿನ್ನುವವರಿಗೆ ಕಪ್ಪಗಾಗುತ್ತದೆ ಅಂತ ಡಿಸೆಂಬರಿನಲ್ಲೇ ಹೇಳಿದ್ದರಲ್ಲ, ಅದೇ ಅಂದುಕೊಂಡೆ. ನಿನ್ನ ಮೊದಲ ಕಾರ್ಡು ಅಂಗಡಿಗೆ ಬರುವ ಹೊತ್ತಿಗೆ ತಲೆಸುತ್ತು ಬಂದು ನಾಲ್ಕು ದಿನದಿಂದ ಅಂಗಡಿ ತೆಗೆದಿರಲಿಲ್ಲ. ಐದನೇ ದಿನ ಪ್ಯಾಂಟು ತರೋಣ ಅಂತ ಟೈಲರಮ್ಮನ ಅಂಗಡಿಗೆ ಹೋದವನು ಅಲ್ಲೇ ಅವಳ ಕತ್ತರಿ ಮೇಜಿನ ಮೇಲೆ ರಕ್ತ ವಾಂತಿ ಮಾಡಿಕೊಂಡು ಬಿದ್ದೆ. ಯಾರದ್ದೋ ಮದುವೆ ಸೂಟಿನ ಬಟ್ಟೆ ಹಾಳಾಯಿತು. ನನ್ನ ಫೋನು ಆ ಗಡಿಬಿಡಿಯಲ್ಲಿ ನೆಲಕ್ಕೆ ಬಿದ್ದು ಸತ್ತಿತು. ಅದಕ್ಕೇ ನಿನಗೆ ಸ್ವಿಚ್ ಆಫ್ ಬಂದದ್ದು.

ಆಸ್ಪತ್ರೆಯಲ್ಲಿ ನೀನು ಬರೆದ ಹಾಗೆಯೇ ನಡೆಯಿತು, ಒಂದಕ್ಷರ ಹೆಚ್ಚುಕಮ್ಮಿ ಇಲ್ಲ. ಒಬ್ಬಳು ಬಂದು ವಾಚು, ಬ್ರೇಸ್ಲೆಟ್ಟು ಬಿಚ್ಚಿ ಕವರಿಗೆ ಹಾಕಿ ಟೈಲರಮ್ಮನ ಕೈಗೆ ಕೊಟ್ಟಳು. ‘ಬೆಳ್ಳಿದು, ಜೋಪಾನ’ ಅಂದಳು. ನನಗೆ ಅರ್ಧ ಎಚ್ಚರ, ಬಾಯಿ ಒಣಗಿ ನಾಲಿಗೆ ಅಂಟಿಕೊಂಡಿತ್ತು. ಡಾಕ್ಟರು, ‘ಮೂಗಿಂದ ಟ್ಯೂಬ್ ಹಾಕಿ, ಒಳಗೆಷ್ಟು ರಕ್ತ ಇದೆ ನೋಡೋಣ’ ಅಂದದ್ದು ಕೇಳಿಸಿತು. ನಾನು ಕೈ ಎತ್ತಿ ಮಣಿಕಟ್ಟು ತೋರಿಸಿದೆ. ಮಣಿಕಟ್ಟು ಬರಿದಾಗಿತ್ತು. ನಿನ್ನ ಲಾರಿ ಡ್ರೈವರು ಕಣ್ಣ ಮುಂದೆ ಬಂದ. ಎರಡು ಕೈಯಿಂದ ಮೂಗು ಮುಚ್ಚಿಕೊಂಡೆ. ನರ್ಸು ನನ್ನ ಬೆರಳು ಒಂದೊಂದಾಗಿ ಬಿಡಿಸುತ್ತಾ, ‘ಯಜಮಾನ್ರೇ, ಮಗು ಥರ ಆಡ್ಬೇಡಿ, ಒಂದೇ ನಿಮಿಷ’ ಅನ್ನುತ್ತಿದ್ದಳು. ಇನ್ನೊಬ್ಬ ಬಂದು ಕೈ ಹಿಡಿದುಕೊಂಡ.

ಆಗ ಪರದೆಯ ಆಚೆಯಿಂದ ಟೈಲರಮ್ಮ ಕೂಗಿದಳು. ‘ಅಯ್ಯೋ ಮೂಗು ಬೇಡ ರೀ! ಮೂಗಿಗೆ ಏನೋ ಹಾಕ್ಬಾರ್ದು ಅಂತಿತ್ತು ಅದ್ರಲ್ಲಿ! ಹೊಟ್ಟೆ ಆಪರೇಷನ್ ಆಗಿದೆ ಅವ್ರಿಗೆ!’ ಡಾಕ್ಟರು, ‘ಯಾವುದರಲ್ಲಿ ಇತ್ತಮ್ಮ?’ ಅಂದರು. ಅವಳು ಕವರಿನಿಂದ ಬ್ರೇಸ್ಲೆಟ್ಟು ತೆಗೆದು ಬಳ್ಳಿಯನ್ನು ನೋಡುತ್ತಾಳೆ, ನೋಡುತ್ತಾಳೆ, ಅಕ್ಷರ ಎಲ್ಲಿದೆ? ‘ಇದ್ರಲ್ಲಲ್ಲ, ಇದಕ್ಕಿಂತ ಮುಂಚೆ ಒಂದು ಕೆಟ್ಟದಿತ್ತು, ಅದ್ರಲ್ಲಿ’ ಅಂದಳು. ಡಾಕ್ಟರು ಟ್ಯೂಬನ್ನು ಕೆಳಗಿಡಿಸಿ ನನ್ನ ಹೊಟ್ಟೆಯ ಮೇಲಿನ ಸಣ್ಣ ಗಾಯದ ಗುರುತುಗಳನ್ನು ಆಮೇಲೆ ನೋಡಿದರಂತೆ.

ಅಂದರೆ ನನ್ನನ್ನು ಉಳಿಸಿದ್ದು ನಿನ್ನ ಸೊಟ್ಟ ಅಕ್ಷರ. ಜೂನಿನಲ್ಲಿ ಅವಳು ಅದನ್ನು ಎತ್ತಿ ಹಿಡಿದು ಓದಿ ನಕ್ಕಿದ್ದಳಲ್ಲ, ಆ ನಗುವಿನಿಂದಾಗಿ ನೆನಪಿತ್ತು. ನನ್ನ ಹನ್ನೆರಡು ಎಲೆ ಯಾರಿಗೂ ಏನೂ ಹೇಳಲಿಲ್ಲ. ಮಾತ್ರೆ ಕೊಟ್ಟ ಔಷಧಿ ಅಂಗಡಿಯವನಿಗೂ ಹೇಳಲಿಲ್ಲ. ಬರೆದುಕೊಟ್ಟಿದ್ದೇನೆ, ಫ್ರೇಮ್ ಹಾಕಿಸಿ ನಿನ್ನ ಥಿಯೇಟರಿನಲ್ಲಿ ತೂಗುಹಾಕಿಕೋ.

ಈಗ ಫೋನಿನ ವಿಷಯ.

ಆಮೇಲೆ ಯಾರೋ ಬ್ರೇಸ್ಲೆಟ್ಟು ತಿರುಗಿಸಿದರು. ನಂಬರು ಸಿಕ್ಕಿತು. ಆಸ್ಪತ್ರೆಯವರು ಅದಕ್ಕೆ ಫೋನ್ ಮಾಡಿದರು. ರಾತ್ರಿಯಿಡೀ ಬಿಟ್ಟು ಬಿಟ್ಟು ಮಾಡಿದರಂತೆ. ಯಾರೂ ಎತ್ತಲಿಲ್ಲ. ಬೆಳಿಗ್ಗೆ ನನ್ನ ಬಟ್ಟೆ ತರಲು ಟೈಲರಮ್ಮ ಬೀಗದ ಕೈ ತೆಗೆದುಕೊಂಡು ಮನೆಗೆ ಬಂದಳು. ಅಡುಗೆಮನೆ ಶೆಲ್ಫಿನ ಮೇಲೆ ಚಾರ್ಜಿಗೆ ಹಾಕಿದ್ದ ಫೋನು ಬಡಿದುಕೊಳ್ಳುತ್ತಿತ್ತು. ಆಸ್ಪತ್ರೆಯವರೇ ಇರಬೇಕು ಅಂತ ಹೆಸರೂ ನೋಡದೆ ಎತ್ತಿದಳು. ‘ಹೇಳಿ, ಮನೇಲಿ ನಾನೇ ಇರೋದು, ಬಟ್ಟೆ ತರ್ತಾ ಇದೀನಿ’ ಅನ್ನುವಷ್ಟರಲ್ಲಿ ಕಟ್ ಆಯಿತಂತೆ. ಅದು ನೀನು.

ಹೌದು. ನಾನು ಕೆತ್ತಿದ್ದು ನಿನ್ನ ಅಕ್ಕನ ನಂಬರು.

ಟೈಲರಮ್ಮನದ್ದು ಅಂದುಕೊಂಡೆ, ಅಲ್ಲವೇ? ನೀನು ಹಾಗೆ ಅಂದುಕೊಂಡು ಉರಿಯಲಿ ಅಂತಲೇ ನಾನು ಗೆಸ್ ಮಾಡು ಅಂದದ್ದು. ನಿನ್ನ ನಂಬರು ಬಿಟ್ಟು ಆ ಜಾಗದಲ್ಲಿ ಏನು ಹಾಕುವುದು ಅಂತ ಕೂತಾಗ, ಯೋಚನೆಗಿಂತ ಮೊದಲು ಉಳಿ ಹೊರಟುಬಿಟ್ಟಿತು. ಎಲ್ಲಿ ಹೋದರೂ ಮನೆಯವರ ನಂಬರು ಕೊಡಿ ಅಂದರೆ ನನ್ನ ಕೈಗೆ ಬರುವುದು ಅದೊಂದೇ. ಅರ್ಧ ಕೆತ್ತಿದಮೇಲೆ ಗೊತ್ತಾಯಿತು. ಅಳಿಸಬಹುದಿತ್ತು. ಅಳಿಸಲಿಲ್ಲ. ನಾನು ಬಿದ್ದರೆ ಯಾರಿಗೆ ಹೇಳಬೇಕು? ಅವಳಿಗೇ ಅಲ್ಲವೇ? ಇಲ್ಲದವಳಿಗೆ ಹೇಗೆ ಹೇಳುತ್ತಾರೆ ಅಂತ ನೀನು ಕೇಳುತ್ತೀಯ. ಬಿದ್ದಮೇಲೆ ನಾನೂ ಅದನ್ನೇ ಕೇಳಿಕೊಂಡೆ.

ಇನ್ನೊಂದು ವಿಷಯ. ನೀನು ಆ ಫೋನಿಗೆ ಮಾಡಿದ್ದು ಅದೇ ಮೊದಲಲ್ಲ. ಎರಡು ವರ್ಷದಿಂದ ಭಾನುವಾರ ಸಂಜೆ ಅದು ಬಡಿದುಕೊಳ್ಳುತ್ತದೆ. ನಿನ್ನ ಹೆಸರು ಬರುತ್ತದೆ. ಅವಳು ಹಾಕಿಕೊಂಡಿದ್ದ ಹೆಸರು, ‘ತಂಗಿ’ ಅಂತ. ನಾನು ಎದುರಿಗೇ ಕೂತಿರುತ್ತೇನೆ. ಎತ್ತಿಲ್ಲ. ನನ್ನ ಧ್ವನಿ ಕೇಳಲು ನೀನು ಮಾಡಿದ್ದಲ್ಲವಲ್ಲ. ಅದು ನಿಂತಮೇಲೆ ಎದ್ದು ಹೋಗಿ ಚಾರ್ಜಿದೆಯೇ ನೋಡುತ್ತೇನೆ. ರೀಚಾರ್ಜು ತಪ್ಪಿಸಿಲ್ಲ.

ಈಗ ಬೈಯಿ.

ನಿನ್ನ ಭಾವ


ಆಗಸ್ಟ್ 21

ಭಾವನಿಗೆ,

ಬೈಯುವುದು ಬಾಕಿ ಇದೆ, ಅದನ್ನು ಮಾಫಿ ಮಾಡಿಲ್ಲ. ಒಂದು ವಾರ ಕಪ್ಪಗಿದ್ದರೂ ಸುಮ್ಮನಿದ್ದವರಿಗೆ ಬೈಗುಳ ಒಂದು ಹಾಳೆಯಲ್ಲಿ ಮುಗಿಯುವುದಿಲ್ಲ. ಆ ಮಾತ್ರೆಗಳನ್ನು ಇನ್ನೂ ಇಟ್ಟುಕೊಂಡಿದ್ದರೆ ಬಚ್ಚಲಿಗೆ ಹಾಕಿ. ಔಷಧಿ ಅಂಗಡಿಯವನ ಮಗಳಿಗೆ ಬ್ರೇಸ್ಲೆಟ್ ಮಾಡಿಕೊಡುವಾಗ ಅವನಿಗೆ ನಿಮ್ಮ ಕಥೆ ಪೂರ್ತಿ ಹೇಳಿ, ಕುಗ್ಗಿಸಬೇಡಿ.

ನೀವು ಗೆಸ್ ಮಾಡು ಎಂದು ಬರೆದು ನನ್ನನ್ನು ಉರಿಸಿದಿರಿ. ಉರಿದೆ. ಆ ಹೆಂಗಸಿನ ಬಗ್ಗೆ ಬರೆಯಬಾರದ್ದನ್ನು ಬರೆದೆ. ಅವರಿಗೆ ಏನು ಹೇಳಬೇಕೋ ಅದನ್ನು ಅವರಿಗೇ ಬರೆಯುತ್ತೇನೆ, ಅಂಗಡಿಯ ವಿಳಾಸ ಕಳಿಸಿ. ನಿಮಗೆ ಹೇಳುವುದಿಲ್ಲ. ಹಾಳಾದ ಸೂಟಿನ ಬಟ್ಟೆಗೆ ಬದಲು ಹೊಸದನ್ನು ನೀವು ತಂದುಕೊಡಿ.

ಭಾನುವಾರದ ಬಗ್ಗೆ ಒಂದು ಮಾತೂ ಬೇಡ. ಅಲ್ಲಿ ಫೋನು ಬಡಿದುಕೊಳ್ಳುವಷ್ಟು ಹೊತ್ತು ನನಗೆ ನಿಮ್ಮ ಅಡುಗೆಮನೆ ಕಾಣುತ್ತದೆ, ಅಷ್ಟೇ. ಅದನ್ನು ಆರಿಸಬೇಡಿ. ಎತ್ತಲೂ ಬೇಡಿ.

ಈಗ ಆಜ್ಞೆ. ಹೊಸ ಪಟ್ಟಿ ಮಾಡಿ. ಬೆಳ್ಳಿ ಬೇಡ, ಸ್ಟೀಲು. ಹೊರಬದಿಗೆ. ಎಲೆ, ಬಳ್ಳಿ, ಹೂವು ಏನೂ ಬೇಡ. ಕನ್ನಡಕ ಮರೆತು ಬಂದವರಿಗೂ ಕಾಣುವಷ್ಟು ದೊಡ್ಡ ಅಕ್ಷರ. ನಂಬರು ನನ್ನದು. ಯಾವ ಹೊತ್ತಿಗೆ ಬಂದರೂ ಎತ್ತುತ್ತೇನೆ. ನೀವೇ ಮಾಡಿದರೂ ಎತ್ತುತ್ತೇನೆ, ಆದರೆ ಮಾತು ಉದ್ದ ಮಾಡಬೇಡಿ, ಕಾಲೇಜಿನ ಇಂಗ್ಲಿಷ್ ಬೇಡವೇ ಬೇಡ.

ಇದನ್ನು ರಾಜಿ ಎಂದು ತಿಳಿಯಬೇಡಿ. ಹತ್ತು ವರ್ಷ ಅವಳಿಗಾಗಿ ಯಾಕೆ ಆಗಲಿಲ್ಲ ಎನ್ನುವ ಪ್ರಶ್ನೆ ಅಲ್ಲೇ ಇದೆ. ನೀವು ಉತ್ತರ ಕೊಡುವವರೆಗೆ ಬದುಕಿರಬೇಕು.

ನಾದಿನಿ


ಆಗಸ್ಟ್ 28

ಮೆಣಸಿನಕಾಳಿಗೆ,

ಆಜ್ಞೆ ತಲುಪಿತು. ಟೈಲರಮ್ಮನಿಗೆ ವಿಳಾಸ ಕೊಡಲಾ ಅಂತ ಕೇಳಿದೆ. ‘ಬರೀಲಿ ಸಾರ್, ನಾನೂ ಎರಡು ಬರೀತೀನಿ. ಫೋನ್ ಎತ್ತಿದ್ರೆ ಹೀಗಾ ಕುಕ್ಕೋದು?’ ಅಂದಳು. ನಿಮ್ಮಿಬ್ಬರ ಜಗಳದಲ್ಲಿ ನಾನಿಲ್ಲ.

ಔಷಧಿ ಅಂಗಡಿಯವನಿಗೂ ಪೂರ್ತಿ ಹೇಳಿದೆ. ಅವನು ಬಿಳಿಚಿಕೊಂಡು ಕುರ್ಚಿ ಕೊಟ್ಟ. ಈಗ ಯಾರು ಬಂದರೂ ಬಾಯಿಬಿಟ್ಟು ಹೇಳುವವರೆಗೆ ಮಾತ್ರೆ ಕೊಡುತ್ತಿಲ್ಲವಂತೆ. ಕೆಮ್ಮಿನ ಔಷಧಿಗೆ ಬಂದವರಿಗೂ ಹೊಟ್ಟೆಯ ಚರಿತ್ರೆ ಕೇಳುತ್ತಾನೆ, ಸಾಲು ಬೀದಿಯವರೆಗೆ ನಿಂತಿರುತ್ತದೆ, ಜನ ನನ್ನನ್ನು ಬೈಯುತ್ತಾರೆ.

ಬೆಳಿಗ್ಗೆಯಿಂದ ಕಿಟಕಿಯ ಹತ್ತಿರ ಕೂತು ಸ್ಟೀಲಿನ ಜೊತೆ ಗುದ್ದಾಡುತ್ತಿದ್ದೇನೆ. ಕೆಲಸ ಒಂದು ಸಾಲು, ಕಾಗದ ಒಂದು ಸಾಲು, ಹೀಗೆ ಸಾಗಿದೆ. ಸ್ಟೀಲು ನಿನ್ನ ಹಾಗೆ, ಉಳಿಯನ್ನೇ ಬೈದು ವಾಪಸ್ ಕಳಿಸುತ್ತದೆ. ‘ಹೊಟ್ಟೆಯ ಬೈಪಾಸ್ ಆಗಿದೆ’ ಮುಗಿಯಿತು. ‘ಮೂಗಿನಿಂದ ಟ್ಯೂಬ್ ಹಾಕಬೇಡಿ’ ಮುಗಿಯಿತು. ಅದಕ್ಕೆ ಉಳಿದೆಲ್ಲಕ್ಕಿಂತ ಆಳ ಕೊಟ್ಟಿದ್ದೇನೆ, ಕುರುಡರು ಬೆರಳಾಡಿಸಿದರೂ ತಿಳಿಯಬೇಕು. ಮಾತ್ರೆಯ ಸಾಲೂ ಆಯಿತು. ಎಲ್ಲ ಹೊರಬದಿಗೇ. ನನ್ನ ಗುರುಗಳು ಇದ್ದಿದ್ದರೆ ಎಬ್ಬಿಸಿ ಕಳಿಸುತ್ತಿದ್ದರು, ಇರಲಿ.

ಆ ಪ್ರಶ್ನೆಗೆ ಉತ್ತರ ನನ್ನ ಹತ್ತಿರ ಇಲ್ಲ ಅಂತಲ್ಲ. ಇದೆ, ಆದರೆ ಅದನ್ನು ಬರೆದರೆ ನೀನು ಬರೆಯುವುದನ್ನು ನಿಲ್ಲಿಸಿಬಿಡುತ್ತೀಯ. ಅದಕ್ಕೆ ಸದ್ಯಕ್ಕೆ ಇಟ್ಟುಕೊಂಡಿದ್ದೇನೆ. ಇನ್ ಡ್ಯೂ ಕೋರ್ಸ್. ಇದೊಂದು ಇಂಗ್ಲಿಷ್ ಸಹಿಸಿಕೋ.

ಫೋನು ಚಾರ್ಜಿನಲ್ಲಿದೆ.

ಈಗ ನಿನ್ನ ನಂಬರು ಕೆತ್ತುತ್ತಿದ್ದೇನೆ. ಅದರಲ್ಲಿ ಮೂರು ಎಂಟು ಇವೆ. ಎಂಟಕ್ಕಿಂತ ಕೆಟ್ಟ ಅಂಕಿ ಇನ್ನೊಂದಿಲ್ಲ. ಸುತ್ತಿ ಬಂದು ಹೊರಟಲ್ಲಿಗೇ ಸೇರಬೇಕು, ಕೂದಲೆಳೆ ತಪ್ಪಿದರೂ ಸೊನ್ನೆಯೋ ಆರೋ ಆಗಿ, ನಾನು ಇಲ್ಲಿ ಬಿದ್ದಿದ್ದರೆ ಫೋನು ಯಾರದ್ದೋ ಮನೆಯಲ್ಲಿ ಬಡಿದುಕೊಳ್ಳುತ್ತದೆ. ಬೇರೆ ನಂಬರು ತಗೋಬಾರದಿತ್ತೇ ನೀನು? ಎರಡು ಎಂಟು ಮುಗಿಸಿದ್ದೇನೆ. ಮೂರನೆಯದೂ ಅದರ ಪಕ್ಕದ ಒಂದು ಅಂಕಿಯೂ ಉಳಿದಿವೆ.

ಕಿಟಕಿಯಲ್ಲಿ ಬೆಳಕು ಹೋಗುತ್ತಿದೆ, ಈಗಲೇ ಗಮನಿಸಿದ್ದು. ಬಲ್ಬಿನಡಿ ಸ್ಟೀಲು ಕಣ್ಣಿಗೆ ಹೊಡೆಯುತ್ತದೆ, ಎಂಟನ್ನು ನಂಬುವಂತಿಲ್ಲ. ಆ ಎರಡನ್ನು ನಾಳೆ ಬೆಳಿಗ್ಗೆ ಹಾಕುತ್ತೇನೆ. ಇವತ್ತೊಂದು ರಾತ್ರಿ ಎಲ್ಲೂ ಬೀಳದೆ ಮನೆಯಲ್ಲೇ ಇರುತ್ತೇನೆ.